ಅಲೆಕ್ಸಾಂಡರ್ ಗ್ರಿಗೊರ್ಯಾನ್

ಅಲೆಕ್ಸಾಂಡರ್ ಮಿಖಾಯ್ಲೊವಿಚ್ ಗ್ರಿಗೊರ್ಯಾನ್ ಸೋವಿಯತ್ ಒಕ್ಕೂಟದ ತೈಲ ಎಂಜಿನಿಯರ್. ಒಂದೇ ತೈಲಬಾವಿಯ ತಳದಿಂದ ಹಲವು ಕವಲುಗಳನ್ನು ಅಡ್ಡಲಾಗಿ ಕೊರೆಯುವ ವಿಧಾನವನ್ನು ಕಾರ್ಯರೂಪಕ್ಕೆ ತಂದವರಾದ್ದರಿಂದ ಅವರನ್ನು ಬಹುಕವಲು ಬಾವಿಯ ಜನಕ ಎಂದು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಗ್ರಿಗೊರ್ಯಾನ್ ಅವರ ಆರಂಭದ ಕೆಲಸ ಅಜರ್‌ಬೈಜಾನಿನ ಬಾಕು ತೈಲಕ್ಷೇತ್ರದಲ್ಲಿ ನಡೆಯಿತು. 1941ರಲ್ಲಿ ಅವರು ಅಲ್ಲಿ ಅಡ್ಡಬಾವಿಯೊಂದನ್ನು ಕೊರೆದರು. ಸಾಮಾನ್ಯ ಕೊರೆತದಲ್ಲಿ ನೆಲದ ಮೇಲಿನ ಯಂತ್ರವು ಇಡೀ ಕೊಳವೆಯನ್ನೇ ತಿರುಗಿಸುತ್ತದೆ. ಟರ್ಬೊಡ್ರಿಲ್‌ನಲ್ಲಿ ಹಾಗಲ್ಲ, ಕೊಳವೆಯೊಳಗೆ ಒತ್ತಿದ ಕೆಸರುದ್ರವವು ತಳದಲ್ಲಿರುವ ಟರ್ಬೈನನ್ನು ತಿರುಗಿಸುತ್ತದೆ. ಕೊಳವೆ ತಿರುಗಬೇಕಿಲ್ಲವಾದ್ದರಿಂದ ಬಾವಿಯನ್ನು ಬಾಗಿಸುವುದು ಸುಲಭವಾಯಿತು.

ಬಾವಿಯ ವ್ಯಾಸ ಹೆಚ್ಚಿಸಿದರೆ ಇಳುವರಿ ಹೆಚ್ಚುತ್ತದೆಂಬ ವಾದ ಆಗ ಪ್ರಚಲಿತವಿತ್ತು. ಮರದ ಬೇರುಗಳಂತೆ ಬಾವಿಯೇ ತೈಲಶಿಲೆಯಲ್ಲಿ ಕವಲೊಡೆದರೆ ಇನ್ನೂ ಲಾಭವೆಂದು ಗ್ರಿಗೊರ್ಯಾನ್ ಯೋಚಿಸಿದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಬಯಲುಸೀಮೆಯ ಓದುಗರಿಗೆ ಈ ಯೋಚನೆ ಹೊಸದೆನಿಸದು. ನೀರು ಇಂಗಿದ ತೆರೆದ ಬಾವಿಯೊಳಗೆ ಅಡ್ಡಬೋರು ಹಾಕಿಸುವುದರ ತತ್ವವೂ ಇದೇ. ವ್ಯತ್ಯಾಸವೆಂದರೆ ತೈಲಬಾವಿಯೊಳಗೆ ಮನುಷ್ಯ ಇಳಿಯಲಾರ.

66/45ನೇ ಬಾವಿ

1953ರಲ್ಲಿ ಬಷ್ಕೀರಿಯಾದ ಇಷಿಂಬಾಯ್ ಪ್ರದೇಶದಲ್ಲಿ ಅವರಿಗೆ ಅವಕಾಶ ದೊರೆಯಿತು. 66/45 ಸಂಖ್ಯೆಯ ಬಾವಿಯನ್ನು ತೈಲಪದರದ ತುಸು ಮೇಲಿನವರೆಗೆ, 575 ಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ 9 ಕವಲುಗಳನ್ನು ಹರಿಬಿಡಲಾಯಿತು. ಅತ್ಯಂತ ದೂರ ಹೋದ ಕವಲು ಅಡ್ಡಲಾಗಿ 136 ಮೀಟರ್ ಚಾಚಿತು. ಕವಲುಗಳಿಗೆ ಉಕ್ಕಿನ ಕೇಸಿಂಗ್ ಇಳಿಸಲಿಲ್ಲ. ಸುಣ್ಣಶಿಲೆಯ ಗಟ್ಟಿತನವನ್ನೇ ನಂಬಿ ತೆರೆದಂತೆಯೇ ಬಿಡಲಾಯಿತು. ಖರ್ಚು ನೆರೆಯ ಬಾವಿಗಳ ಒಂದೂವರೆ ಪಟ್ಟು. ಇಳುವರಿ 17 ಪಟ್ಟು. ಅವು ದಿನಕ್ಕೆ 7 ಘನ ಮೀಟರ್ ತೈಲ ಕೊಡುತ್ತಿದ್ದರೆ ಇದು 120 ಘನ ಮೀಟರ್ ಕೊಟ್ಟಿತು.

ನಂತರದ ವರ್ಷಗಳು

ಇಷ್ಟಾದರೂ ವಿಧಾನವು ವ್ಯಾಪಕವಾಗಲಿಲ್ಲ. ಸೋವಿಯತ್ ಯೋಜನಾ ವ್ಯವಸ್ಥೆಯಲ್ಲಿ ಕೊರೆತದ ತಂಡಗಳ ಸಾಧನೆಯನ್ನು ಕೊರೆದ ಮೀಟರುಗಳಲ್ಲಿ ಅಳೆಯುತ್ತಿದ್ದರು; ನಿಧಾನವಾಗಿ, ಎಚ್ಚರದಿಂದ ಕೊರೆಯಬೇಕಾದ ಬಾವಿಗೆ ಅಲ್ಲಿ ಪ್ರೋತ್ಸಾಹ ಸಿಗುವುದು ಕಷ್ಟವಿತ್ತು. ಮುಂದಿನ 27 ವರ್ಷಗಳಲ್ಲಿ ಆ ದೇಶದಲ್ಲಿ ಇಂಥ ಇನ್ನೂ 110 ಬಾವಿಗಳಷ್ಟೇ ಆದವು. ಅವುಗಳಲ್ಲಿ ಸುಮಾರು 30 ಗ್ರಿಗೊರ್ಯಾನ್ ಅವರೇ ಕೊರೆದವು. 1980ರ ದಶಕದಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋಗಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದರು.

ಪಾಶ್ಚಾತ್ಯ ಕಂಪನಿಗಳು ಈ ತಂತ್ರವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು 1990ರ ದಶಕದಲ್ಲಿ. 1997ರಲ್ಲಿ ಕವಲಿನ ಸಂಧಿಯ ರಚನೆಯನ್ನು ಆಧರಿಸಿ ಇಂಥ ಬಾವಿಗಳನ್ನು 6 ಹಂತಗಳಾಗಿ ವರ್ಗೀಕರಿಸಲಾಯಿತು. ಕೇಸಿಂಗ್ ಇಲ್ಲದ 66/45ನೇ ಬಾವಿಯ ಮಾದರಿ ಅದರಲ್ಲಿ 1ನೇ ಹಂತಕ್ಕೆ ಸೇರುತ್ತದೆ.