ಮೈಲಾರ ಮಹಾದೇವಪ್ಪ: ದಂಡಿಯಿಂದ ಹೊಸರಿತ್ತಿಯವರೆಗೆ

ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಮೈಲಾರ ಮಹಾದೇವಪ್ಪನವರ ಬದುಕು ಅಹಿಂಸೆಯ ಅರ್ಥವ್ಯಾಪ್ತಿಯನ್ನು ಕುರಿತ ಮಹತ್ತ್ವದ ಪ್ರಶ್ನೆಯೊಂದನ್ನು ಮುಂದಿಡುತ್ತದೆ. ಇಂದಿನ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಜನಿಸಿದ ಅವರು, 1930ರಲ್ಲಿ ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಗೆ ನಡೆದ ಸತ್ಯಾಗ್ರಹಿಗಳ ತಂಡದಲ್ಲಿ ಕರ್ನಾಟಕದ ಏಕೈಕ ಪ್ರತಿನಿಧಿಯಾಗಿದ್ದರು. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಸೆರೆವಾಸದ ತರುವಾಯ ತಾಯ್ನೆಲಕ್ಕೆ ಮರಳಿ ಖಾದಿ ಪ್ರಚಾರ, ಗ್ರಾಮಸೇವೆಗಳಲ್ಲಿ ನಿರತರಾದರು. ಕೊರಡೂರಿನಲ್ಲಿ ಸೇವಾಶ್ರಮವನ್ನು ಸ್ಥಾಪಿಸಿದರು. ಪತ್ನಿ ಸಿದ್ದಮ್ಮನವರೂ ಚಳವಳಿಯಲ್ಲಿ ಪಾಲ್ಗೊಂಡು ಸೆರೆವಾಸ ಅನುಭವಿಸಿದರು.

1942ರ ಚಲೇಜಾವ್ ಚಳವಳಿಯಲ್ಲಿ ಅವರ ಮಾರ್ಗ ಬದಲಾಯಿತು. ಆಡಳಿತಯಂತ್ರವನ್ನು ನಿಷ್ಕ್ರಿಯಗೊಳಿಸುವ ಭೂಗತ ಕಾರ್ಯಾಚರಣೆಗಳ ಮುಂದಾಳತ್ವವನ್ನು ಅವರು ವಹಿಸಿದರು. ರೈತರಿಂದ ವಸೂಲಾದ ಕಂದಾಯವನ್ನು ವಶಪಡಿಸಿಕೊಳ್ಳಲು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ದಾಳಿ ನಡೆಸಿದಾಗ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೊಡನೆ ಪೊಲೀಸರ ಗುಂಡಿಗೆ ಬಲಿಯಾದರು.

ಈ ಅಂತಿಮ ಕಾರ್ಯವನ್ನು ದಂಡಿಯ ಆದರ್ಶದಿಂದಾದ ವಿಚಲನೆಯೆಂದು ಭಾವಿಸುವುದುಂಟು. ಆದರೆ ಉಪ್ಪಿನ ಕರ, ಭೂಕಂದಾಯಗಳೆರಡರ ಭಾರವೂ ದುಡಿಯುವವರ ಹೆಗಲ ಮೇಲೆಯೇ ಬೀಳುತ್ತಿತ್ತು ಎಂಬುದನ್ನು ಗಮನಿಸಿದಾಗ, ಮಾರ್ಗ ಬೇರೆಯಾದರೂ ಧ್ಯೇಯ ಬದಲಾಗಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಮಾರ್ಗ ಮತ್ತು ಧ್ಯೇಯಗಳ ನಡುವಣ ಈ ಬಿಕ್ಕಟ್ಟನ್ನು ಮರೆಮಾಚದೆ ನೋಡುವುದೇ ಅವರಿಗೆ ಸಲ್ಲಬೇಕಾದ ನಿಜವಾದ ಸ್ಮರಣೆ.