ಮಿನಮಾಟಾದ ನೋವಿಗೆ ಕಣ್ಣಾದ ಯೂಜಿನ್ ಸ್ಮಿತ್

ಮೊಬೈಲ್ ಫೋನ್ ಬಂದ ಮೇಲೆ ಫೋಟೋ ತೆಗೆಯುವುದು ಮಕ್ಕಳಾಟವಾಗಿದೆ. ಆದರೆ ನೊಂದವರ ಚಿತ್ರ ತೆಗೆಯಬೇಕಾದರೆ ಅವರ ನಡುವೆಯೇ ಬದುಕಬೇಕು ಎಂದು ನಂಬಿ, ದೂರದ ದ್ವೀಪವೊಂದರಲ್ಲಿ ಮೂರು ವರ್ಷ ನೆಲೆಸಿದ ಛಾಯಾಗ್ರಾಹಕರೊಬ್ಬರಿದ್ದರು. ಅವರೇ ವಿಲಿಯಂ ಯೂಜಿನ್ ಸ್ಮಿತ್. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

ಸ್ಮಿತ್ ಅವರು 1918ರ ಡಿಸೆಂಬರ್ 30ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ ಜನಿಸಿದರು. ತಂದೆ ಧಾನ್ಯದ ವ್ಯಾಪಾರಿ. ತಾಯಿಗೆ ಛಾಯಾಗ್ರಹಣದಲ್ಲಿ ಆಸಕ್ತಿ ಇದ್ದುದರಿಂದ ಬಾಲಕನಿಗೆ ಮನೆಯಲ್ಲಿಯೇ ಮೊದಲ ಪಾಠ ದೊರೆಯಿತು. 1936ರಲ್ಲಿ ವ್ಯಾಪಾರ ಕುಸಿದು ತಂದೆ ಜೀವ ಕಳೆದುಕೊಂಡರು. ಆ ಆಘಾತದ ನಡುವೆಯೂ ಅವರು ಕ್ಯಾಮೆರಾ ಬಿಡಲಿಲ್ಲ. ನ್ಯೂಯಾರ್ಕ್ ಸೇರಿ, ಪತ್ರಿಕೆಗಳಿಗೆ ಚಿತ್ರ ತೆಗೆಯುತ್ತಾ ಹೆಸರು ಗಳಿಸಿದರು.

ಎರಡನೆಯ ಮಹಾಯುದ್ಧದಲ್ಲಿ ಅವರು ಪೆಸಿಫಿಕ್ ಸಾಗರದ ಸೈಪಾನ್, ಇವೊ ಜಿಮಾ ಮುಂತಾದ ದ್ವೀಪಗಳ ರಣರಂಗದಲ್ಲಿ ಚಿತ್ರ ತೆಗೆದರು. 1945ರ ಮೇ ತಿಂಗಳಲ್ಲಿ ಓಕಿನಾವಾ ದ್ವೀಪದಲ್ಲಿ ಶೆಲ್ ಸಿಡಿದು ಮುಖ ಮತ್ತು ಕೈಗೆ ತೀವ್ರ ಗಾಯವಾಯಿತು. ಚೇತರಿಸಿಕೊಳ್ಳಲು ಸುಮಾರು ಎರಡು ವರ್ಷ ಹಿಡಿಯಿತು. ಬಳಿಕ ಲೈಫ್ ಪತ್ರಿಕೆಗಾಗಿ ಅವರು ಆರಿಸಿಕೊಂಡದ್ದು ಜನಸಾಮಾನ್ಯರ ಬದುಕನ್ನು. 1948ರಲ್ಲಿ ಹಳ್ಳಿಯ ವೈದ್ಯರೊಬ್ಬರ ದಿನಚರಿ, 1951ರಲ್ಲಿ ಸ್ಪೇನಿನ ಒಂದು ಹಳ್ಳಿ ಹಾಗೂ ಬಡ ಕಪ್ಪು ಜನರ ನಡುವೆ ಸೇವೆ ಸಲ್ಲಿಸುತ್ತಿದ್ದ ಸೂಲಗಿತ್ತಿಯೊಬ್ಬರ ಕುರಿತ ಚಿತ್ರಮಾಲೆಗಳು ಪ್ರಸಿದ್ಧವಾದವು.

1971ರಲ್ಲಿ, ತಮ್ಮ 52ನೇ ವಯಸ್ಸಿನಲ್ಲಿ, ಸ್ಮಿತ್ ಅವರು ಪತ್ನಿ ಐಲೀನ್ ಮಿಯೊಕೊ ಅವರೊಂದಿಗೆ ಜಪಾನಿನ ಕ್ಯೂಷೂ ದ್ವೀಪದ ಮಿನಮಾಟಾ ಎಂಬ ಕಡಲತಡಿಯ ಊರಿಗೆ ಬಂದರು. ಯಾವ ದೇಶದ ನೆಲದಲ್ಲಿ ಯುದ್ಧದ ಗಾಯ ಪಡೆದಿದ್ದರೋ ಅದೇ ದೇಶದ ಬಡ ಬೆಸ್ತರ ನೋವಿಗೆ ಅವರು ಕಣ್ಣಾದರು.

ಆ ಊರಿನ ದುರಂತವೇನು? ಅಲ್ಲಿನ ಚಿಸ್ಸೋ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಬೆರೆತ ತ್ಯಾಜ್ಯವನ್ನು ಸಮುದ್ರಕ್ಕೆ ಬಿಟ್ಟಿತ್ತು. ಆ ವಿಷ ಮೀನು, ಚಿಪ್ಪುಗಳ ಮೂಲಕ ಜನರ ದೇಹ ಸೇರಿ ಮೆದುಳು ಮತ್ತು ನರಗಳನ್ನು ಹಾಳುಮಾಡಿತು. ಕೈಕಾಲು ಜೋಮು ಹಿಡಿಯುವುದು, ದೃಷ್ಟಿ ಕುಗ್ಗುವುದು, ಮಾತು ತೊದಲುವುದು ಇದರ ಲಕ್ಷಣಗಳು. ಗರ್ಭದಲ್ಲಿದ್ದ ಶಿಶುಗಳಿಗೂ ವಿಷ ತಗುಲಿತು. 1956ರಲ್ಲಿ ರೋಗ ಅಧಿಕೃತವಾಗಿ ಬೆಳಕಿಗೆ ಬಂದರೂ, ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಸ್ಮಿತ್ ದಂಪತಿಗಳು ಅಲ್ಲಿ ಬಾಡಿಗೆ ಮನೆ ಹಿಡಿದು 1974ರವರೆಗೆ ನೆಲೆಸಿದರು. ಮೀನು ಹಿಡಿಯುವವರು, ರೋಗಿಗಳ ಆರೈಕೆ ಮಾಡುವ ಮನೆಯವರು, ನ್ಯಾಯಕ್ಕಾಗಿ ಕುಳಿತ ಸಂತ್ರಸ್ತರು, ಹೀಗೆ ನಿತ್ಯಜೀವನವನ್ನೇ ಇಬ್ಬರೂ ಚಿತ್ರಿಸಿದರು. ಗರ್ಭದಲ್ಲಿಯೇ ವಿಷಕ್ಕೆ ತುತ್ತಾದ ಮಗಳಿಗೆ ತಾಯಿ ಸ್ನಾನ ಮಾಡಿಸುವ ಚಿತ್ರವನ್ನು ಸ್ಮಿತ್ 1971ರಲ್ಲಿ ತೆಗೆದರು. ಮರುವರ್ಷ ಲೈಫ್ ಪತ್ರಿಕೆಯಲ್ಲಿ ಅದು ಪ್ರಕಟವಾದಾಗ ಮಿನಮಾಟಾದ ಸಂಕಟ ಜಗತ್ತಿಗೆಲ್ಲ ತಿಳಿಯಿತು.

ಇದಕ್ಕಾಗಿ ಅವರು ತೆತ್ತ ಬೆಲೆ ದೊಡ್ಡದು. 1972ರ ಜನವರಿಯಲ್ಲಿ ಸಂತ್ರಸ್ತರೊಂದಿಗೆ ಕಂಪನಿಯ ಗೋಯಿ ಕಾರ್ಖಾನೆಗೆ ಹೋದಾಗ ಅಲ್ಲಿನ ನೌಕರರು ಅವರ ಮೇಲೆ ಹಲ್ಲೆ ಮಾಡಿದರು. ಇದರಿಂದ ಅವರ ದೃಷ್ಟಿಗೂ ಹಾನಿಯಾಯಿತು. ಆದರೂ ಕೆಲಸ ನಿಲ್ಲಿಸಲಿಲ್ಲ. 1973ರ ಮಾರ್ಚ್ 20ರಂದು ಕುಮಾಮೊಟೊ ನ್ಯಾಯಾಲಯ ಕಂಪನಿಯನ್ನು ಹೊಣೆಗಾರನನ್ನಾಗಿಸಿ, ಸಂತ್ರಸ್ತರಿಗೆ ಪರಿಹಾರ ನೀಡುವಂತೆ ತೀರ್ಪು ನೀಡಿತು. ಇದು ಸಂತ್ರಸ್ತರ ದೀರ್ಘ ಹೋರಾಟದ ಫಲ. ಆ ಹೋರಾಟಕ್ಕೆ ಸ್ಮಿತ್ ಅವರ ಚಿತ್ರಗಳು ಸಾಕ್ಷಿಯಾಗಿ ನಿಂತವು. 1975ರಲ್ಲಿ ದಂಪತಿಗಳ ಮಿನಮಾಟಾ ಗ್ರಂಥ ಹೊರಬಂದಿತು. 1978ರ ಅಕ್ಟೋಬರ್ 15ರಂದು ಅರಿಜೋನಾದ ಟೂಸಾನ್ ನಗರದಲ್ಲಿ ಸ್ಮಿತ್ ನಿಧನರಾದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಚಿತ್ರದಲ್ಲಿದ್ದ ಆ ಮಗಳು 1977ರಲ್ಲಿಯೇ ತನ್ನ 21ನೇ ವಯಸ್ಸಿನಲ್ಲಿ ತೀರಿಕೊಂಡಿದ್ದಳು. ಇನ್ನಾದರೂ ಆಕೆಗೆ ವಿಶ್ರಾಂತಿ ಸಿಗಲಿ ಎಂಬುದು ಹೆತ್ತವರ ಆಸೆಯಾಗಿತ್ತು. 1998ರಲ್ಲಿ ಐಲೀನ್ ಅವರು ಆ ಚಿತ್ರದ ಬಗ್ಗೆ ತೀರ್ಮಾನಿಸುವ ಹಕ್ಕನ್ನು ಅವರಿಗೇ ಬಿಟ್ಟುಕೊಟ್ಟರು. ಜಗತ್ಪ್ರಸಿದ್ಧ ಚಿತ್ರಕ್ಕಿಂತ ಒಂದು ಕುಟುಂಬದ ಮನಸ್ಸು ದೊಡ್ಡದೆಂದು ಅವರು ತೋರಿಸಿದರು. ಪಾದರಸದ ಬಳಕೆಯನ್ನು ನಿಯಂತ್ರಿಸಲು 2013ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಮಿನಮಾಟಾದ ಹೆಸರೇ ಇದೆ. ಭಾರತವೂ 2018ರಲ್ಲಿ ಅದನ್ನು ಅನುಮೋದಿಸಿತು.

ವಿದ್ಯಾರ್ಥಿಗಳೇ, ಅಪಘಾತವಾದಾಗ ಗಾಯಗೊಂಡವರನ್ನು ಎತ್ತುವ ಮೊದಲು ಫೋಟೋ ತೆಗೆಯುವವರನ್ನು ನಾವು ನೋಡುತ್ತೇವೆ. ಸ್ಮಿತ್ ಅವರ ದಾರಿ ಬೇರೆ. ನೊಂದವರ ನೆರೆಯವರಾಗಿ, ಅವರ ಭರವಸೆ ಗಳಿಸಿದ ನಂತರ ಅವರು ಕ್ಯಾಮೆರಾ ಎತ್ತಿದರು. ಮುಂದೆ ನೀವು ಪತ್ರಕರ್ತರಾಗಿರಿ, ವೈದ್ಯರಾಗಿರಿ, ಶಿಕ್ಷಕರಾಗಿರಿ, ಎದುರಿಗಿರುವವರ ಮಾನ ಕಾಯುತ್ತಲೇ ಸತ್ಯವನ್ನು ಹೇಳುವುದನ್ನು ಕಲಿಯಿರಿ. ವಿದ್ಯೆ ಸಾರ್ಥಕವಾಗುವುದು ಆಗಲೇ.