ಕ್ರಿಶ್ಚಿಯನ್ ಡಾಪ್ಲರ್

ಭೂಗರ್ಭದ ತೈಲವನ್ನು ಹೊರತೆಗೆಯಲು ಹಲವು ಸಾವಿರ ಮೀಟರುಗಳಷ್ಟು ಆಳದ ಬಾವಿಗಳನ್ನು ಕೊರೆಯಬೇಕಾಗುತ್ತದೆ. ಕೊರೆಯುವಾಗ ಕೆಸರಿನಂತಹ ದ್ರವವೊಂದನ್ನು ಕೊಳವೆಯ ಮೂಲಕ ಕೆಳಗೆ ಕಳುಹಿಸುತ್ತಾರೆ. ಅದು ಬೈರಿಗೆಯ ಮೊನೆಯನ್ನು ತಣಿಸಿ, ಕಲ್ಲಿನ ಚೂರುಗಳನ್ನು ಹೊತ್ತುಕೊಂಡು, ಕೊಳವೆಯ ಹೊರಬದಿಯಿಂದ ಮೇಲಕ್ಕೆ ಮರಳುತ್ತದೆ. ಕಳುಹಿಸಿದುದಕ್ಕಿಂತ ಕಡಮೆ ದ್ರವ ಮರಳಿದರೆ ಅದು ಬಂಡೆಯ ಬಿರುಕುಗಳಲ್ಲಿ ಸೋರುತ್ತಿರಬಹುದು. ಹೆಚ್ಚು ಮರಳಿದರೆ ಅನಿಲವೋ ತೈಲವೋ ಬಾವಿಯೊಳಕ್ಕೆ ನುಗ್ಗುತ್ತಿರಬಹುದು. ಅದನ್ನು ಸಕಾಲದಲ್ಲಿ ತಡೆಯದಿದ್ದರೆ ಕೆಲಸಗಾರರ ಪ್ರಾಣಕ್ಕೇ ಸಂಚಕಾರ. ಈ ಹರಿವನ್ನು ಧ್ವನಿಯ ನೆರವಿನಿಂದ ಅಳೆಯುವ ಉಪಕರಣಗಳುಂಟು. ಅವುಗಳಲ್ಲಿ ಒಂದು ಬಗೆಯ ಉಪಕರಣಕ್ಕೆ ಆಧಾರವಾದ ತತ್ತ್ವವನ್ನು ಲೋಕಕ್ಕೆ ನೀಡಿದವನು ಕ್ರಿಶ್ಚಿಯನ್ ಡಾಪ್ಲರ್.

ಡಾಪ್ಲರನು 1803ರ ನವೆಂಬರ್ 29ರಂದು, ಇಂದಿನ ಆಸ್ಟ್ರಿಯ ದೇಶಕ್ಕೆ ಸೇರಿದ ಸಾಲ್ಸ್‌ಬರ್ಗ್ ನಗರದಲ್ಲಿ ಜನಿಸಿದನು. ಅವನದು ಕಲ್ಲುಕೆಲಸದಲ್ಲಿ ಹೆಸರಾದ ಮನೆತನ. ಆದರೆ ದುರ್ಬಲ ಶರೀರದ ಬಾಲಕನಿಗೆ ಉಳಿ ಸುತ್ತಿಗೆಗಳನ್ನು ಹಿಡಿಯುವ ಶಕ್ತಿಯಿರಲಿಲ್ಲ. ಆದುದರಿಂದ ಅವನು ವಿದ್ಯೆಯ ದಾರಿ ಹಿಡಿದು, ವಿಯೆನ್ನಾದಲ್ಲಿ ಗಣಿತವನ್ನೂ ಭೌತವಿಜ್ಞಾನವನ್ನೂ ವ್ಯಾಸಂಗ ಮಾಡಿದನು. ಪಾಂಡಿತ್ಯವಿದ್ದರೂ ತಕ್ಕ ಉದ್ಯೋಗ ದೊರೆಯಲಿಲ್ಲ. ಕೆಲಕಾಲ ನೂಲಿನ ಗಿರಣಿಯೊಂದರಲ್ಲಿ ಲೆಕ್ಕ ಬರೆದು ಜೀವನ ಸಾಗಿಸಿದನು. ಕೊನೆಗೆ ಬೇಸತ್ತು, ತನ್ನಲ್ಲಿದ್ದ ವಸ್ತುಗಳನ್ನು ಮಾರಿ ಅಮೆರಿಕಕ್ಕೆ ಹೊರಡಲು ಸಿದ್ಧನಾದನು. ಅಷ್ಟರಲ್ಲಿ, 1835ರಲ್ಲಿ, ಪ್ರಾಗ್ ನಗರದಲ್ಲಿ ಅಧ್ಯಾಪಕನ ಕೆಲಸ ದೊರೆಯಿತು.

1842ರ ಮೇ 25ರಂದು ಡಾಪ್ಲರನು ಪ್ರಾಗ್‌ನ ವಿದ್ವತ್ಸಭೆಯಲ್ಲಿ ತನ್ನ ಪ್ರಬಂಧವನ್ನು ಓದಿದನು. ಕೇಳಲು ಬಂದಿದ್ದವರು ಬೆರಳೆಣಿಕೆಯ ಮಂದಿ ಮಾತ್ರ. ಧ್ವನಿಯ ಆಕರವು ನಮ್ಮತ್ತ ಬರುತ್ತಿದ್ದರೆ ಅದರ ಅಲೆಗಳು ಒತ್ತೊತ್ತಾಗಿ ನಮ್ಮನ್ನು ತಲಪುತ್ತವೆ. ಆಗ ಶ್ರುತಿ ಏರಿದಂತೆ ಕೇಳುತ್ತದೆ. ಆಕರವು ದೂರ ಸರಿಯುತ್ತಿದ್ದರೆ ಅಲೆಗಳು ವಿರಳವಾಗಿ, ಶ್ರುತಿ ಇಳಿಯುತ್ತದೆ. ಬೆಳಕಿಗೂ ಇದು ಅನ್ವಯಿಸುತ್ತದೆಂದೂ, ನಕ್ಷತ್ರಗಳ ಬಣ್ಣಗಳಿಗೆ ಅವುಗಳ ಚಲನೆಯೇ ಕಾರಣವೆಂದೂ ಅವನು ವಾದಿಸಿದನು. ಬಣ್ಣವನ್ನು ಕುರಿತ ಅವನ ಊಹೆ ತಪ್ಪಾಗಿತ್ತು. ಆದರೆ ಮೂಲ ತತ್ತ್ವ ಸತ್ಯವಾಗಿತ್ತು.

ಬಾಯ್ಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿಗೆ ಈ ವಿಚಾರದಲ್ಲಿ ಸಂದೇಹವಿತ್ತು. 1845ರಲ್ಲಿ ಅವನು ಉಟ್ರೆಕ್ಟ್ ನಗರದ ಬಳಿ ರೈಲುಬಂಡಿಯಲ್ಲಿ ಕಹಳೆಗಾರರನ್ನು ಕೂರಿಸಿ ಒಂದೇ ಸ್ವರವನ್ನು ಊದಿಸಿದನು. ಹಳಿಯ ಪಕ್ಕದಲ್ಲಿ ಶ್ರುತಿಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿದನು. ಬಂಡಿ ಸಮೀಪಿಸುವಾಗ ಸ್ವರ ಏರಿತು. ದೂರ ಸರಿಯುವಾಗ ಇಳಿಯಿತು. ಧ್ವನಿಯ ಮಟ್ಟಿಗೆ ಡಾಪ್ಲರನ ಮಾತು ನಿಜವಾಯಿತು.

1847ರಲ್ಲಿ ಡಾಪ್ಲರನು ಶೆಮ್ನಿಟ್ಸ್ ಎಂಬ ಗಣಿಪಟ್ಟಣದ ಗಣಿವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಮರುವರ್ಷ ರಾಜಕೀಯ ಕ್ರಾಂತಿ ತಲೆದೋರಿದುದರಿಂದ ಅಲ್ಲಿ ಹೆಚ್ಚು ಕಾಲ ನಿಲ್ಲಲಾಗಲಿಲ್ಲ. 1850ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕನಾದನು. ಅನುವಂಶೀಯತೆಯ ನಿಯಮಗಳನ್ನು ಕಂಡ ಗ್ರೆಗರ್ ಮೆಂಡೆಲ್ ಅಲ್ಲಿ ಅವನ ಶಿಷ್ಯನಾಗಿದ್ದನು. ಈ ಗೌರವದ ನಡುವೆಯೂ 1852ರಲ್ಲಿ ಪೆಟ್ಸ್‌ವಾಲ್ ಎಂಬ ಗಣಿತಜ್ಞನು ಅವನ ತತ್ತ್ವವನ್ನು ಬಲವಾಗಿ ಖಂಡಿಸಿದನು. ಅಷ್ಟರಲ್ಲಿ ಶ್ವಾಸಕೋಶದ ವ್ಯಾಧಿ ಉಲ್ಬಣಿಸಿತ್ತು. ಆರೋಗ್ಯವನ್ನರಸಿ ವೆನಿಸ್‌ಗೆ ಹೋದ ಡಾಪ್ಲರನು 1853ರ ಮಾರ್ಚ್ 17ರಂದು, ತನ್ನ 49ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನಹೊಂದಿದನು.

ಅವನು ಅಳಿದರೂ ಅವನ ತತ್ತ್ವ ಉಳಿಯಿತು. ಇಂದು ಕೊಳವೆಯ ಹೊರಮೈಗೆ ಜೋಡಿಸಿದ ಉಪಕರಣವೊಂದು, ನಮ್ಮ ಕಿವಿಗೆ ಕೇಳಿಸದ ಧ್ವನಿಯನ್ನು ದ್ರವದೊಳಕ್ಕೆ ಕಳುಹಿಸುತ್ತದೆ. ದ್ರವದಲ್ಲಿ ತೇಲಿಬರುವ ಕಲ್ಲಿನ ಚೂರುಗಳೂ ಗುಳ್ಳೆಗಳೂ ಅದನ್ನು ಪ್ರತಿಫಲಿಸುತ್ತವೆ. ಹೋದ ಧ್ವನಿಗೂ ಮರಳಿದ ಧ್ವನಿಗೂ ಕಂಪನಗಳ ಸಂಖ್ಯೆಯಲ್ಲಿ ಉಂಟಾದ ವ್ಯತ್ಯಾಸದಿಂದ ದ್ರವದ ವೇಗ ತಿಳಿಯುತ್ತದೆ. ಕೊಳವೆಯಲ್ಲಿ ದ್ರವ ಎಷ್ಟು ಮಟ್ಟಕ್ಕೆ ತುಂಬಿದೆ ಎಂಬುದೂ ಗೊತ್ತಾದರೆ ಹರಿವಿನ ಪ್ರಮಾಣವನ್ನು ಲೆಕ್ಕ ಹಾಕಬಹುದು. ಶುದ್ಧವಾದ ದ್ರವದಲ್ಲಿ ಪ್ರತಿಧ್ವನಿಗೆ ಅವಕಾಶವಿಲ್ಲ. ಇಲ್ಲಿ ಕಲ್ಲಿನ ಚೂರೇ ಅಳತೆಗೆ ಸಾಧನ.

ಕಲ್ಲು ಕಡೆಯುವ ಬಲವಿಲ್ಲದೆ ಮನೆತನದ ವೃತ್ತಿಯನ್ನು ಬಿಟ್ಟ ಬಾಲಕನ ಚಿಂತನೆಯು, ಬಂಡೆಯನ್ನು ಕೊರೆಯುವ ಶ್ರಮಜೀವಿಗಳಿಗೆ ಇಂದು ಅಪಾಯದ ಮುನ್ಸೂಚನೆ ನೀಡಿ ಕಾಪಾಡುತ್ತಿದೆ. ಬೆರಳೆಣಿಕೆಯ ಮಂದಿ ಕೇಳಿದ ಮಾತಾದರೂ ಸತ್ಯವಾಗಿದ್ದರೆ ಅದು ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಡಾಪ್ಲರನ ಜೀವನವೇ ಸಾಕ್ಷಿ.